ಮಳೆಯ ಮೋಜು, ಸೋರುವ ಮಾಳಿಗೆ

ನಾವು ಓದಿದ ಉರ್ದು ಪ್ರಾಥಮಿಕ ಶಾಲೆಯ ಪಠ್ಯಪುಸ್ತಕದಲ್ಲಿ ಮಳೆಗಾಲದ ಮೇಲೊಂದು ಪದ್ಯವಿತ್ತು. ನಝೀರ್ ಅಕ್ಬರಾಬಾದಿಯವರ 'ಬರ್ಸಾತ್ ಕೀ ಬಹಾರೇಂ'. ಐದಾರು ಬಂಧಗಳು ಮಾತ್ರ. ಮೋಡ, ಮಿಂಚು, ನವಿಲು, ಹಸಿರು ಉಟ್ಟ ಕಾಡು, ಕೊನೆಗೆ ಅಲ್ಲಾಹನ ಕುದ್ರತ್ತಿನ ಕೊಂಡಾಟ. ಉಸ್ತಾದರು ಒಂದು ಸಾಲು ಹೇಳಿದರೆ ಇಡೀ ತರಗತಿ ಒಂದೇ ಉಸಿರಿನಲ್ಲಿ ಅದನ್ನು ಒಪ್ಪಿಸುತ್ತಿತ್ತು. ಹೊರಗೆ ಮಳೆ. ಒಳಗೆ ತರಗತಿಯ ಒಂದು ಮೂಲೆಯಲ್ಲಿ, ಛಾವಣಿಯಿಂದ ಬೀಳುವ ಹನಿಗೆಂದು ಇಟ್ಟ ಬಕೆಟ್ಟು. ಪದ್ಯದ ಲಯಕ್ಕೂ ಆ ಹನಿಯ ಲಯಕ್ಕೂ ಒಮ್ಮೊಮ್ಮೆ ತಾಳ ಕೂಡಿಬರುತ್ತಿತ್ತು. ಉಸ್ತಾದರಿಗೆ ಅದು ಕೇಳಿಸಿರಲಿಕ್ಕಿಲ್ಲ, ಮಕ್ಕಳಿಗಂತೂ ಚೆನ್ನಾಗಿ ಕೇಳಿಸುತ್ತಿತ್ತು.

ಪೂರ್ಣ ಕವಿತೆ ನಮ್ಮ ಕೈಗೆ ಬಂದದ್ದು ಎಷ್ಟೋ ವರ್ಷಗಳ ನಂತರ, ಕಥೆ ಬರೆಯಲು ತೊಡಗಿದ ಮೇಲೆ, ನಝೀರರ ಕುಲ್ಲಿಯಾತ್‌ನ ಹಳೆಯ ಪ್ರತಿಯೊಂದು ಸಿಕ್ಕಾಗ. ಪಠ್ಯಪುಸ್ತಕ ನಿಂತ ಜಾಗದಲ್ಲಿ ಕವಿತೆ ನಿಂತಿರಲಿಲ್ಲ. ಅದು ಕಾಡು, ನವಿಲುಗಳನ್ನು ಬಿಟ್ಟು ಊರೊಳಗೆ ಇಳಿದಿತ್ತು. ಗಂಡನ ಪಕ್ಕದಲ್ಲಿ ಮಲಗಿದ ಹೆಣ್ಣು, ಗಂಡ ಪರಸ್ಥಳದಲ್ಲಿದ್ದು ಎದೆಯೊಡೆದುಕೊಂಡ ಹೆಣ್ಣು, ಕುಸಿದ ಛಾವಣಿ, ಸೊಳ್ಳೆ, ಚೇಳು, ಶತಪದಿ, ಮೈಮೇಲೆ ಎದ್ದ ಕುರು, ಬೆವರುಸಾಲೆ, ಪೂರಿ ತಿಂದು ಹೊಟ್ಟೆ ನುಲಿತ ಬಂದವನು, ಕೆಸರಿನಲ್ಲಿ ಜಾರಿ ತಲೆ ಕೆಳಗೆ ಕಾಲು ಮೇಲಾದವರು. ಹೊಟ್ಟೆ ಕೆಟ್ಟವನ ಅವಸರವನ್ನು ಕವಿ ಇರಾಕಿ ಕುದುರೆಗಳ ಓಟಕ್ಕೆ ಹೋಲಿಸುತ್ತಾರೆ. ಇಷ್ಟೆಲ್ಲದರ ನಡುವೆಯೂ ಪ್ರತಿ ಬಂಧದ ಕೊನೆಗೆ ಅದೇ ಪಲ್ಲವಿ, ಗೆಳೆಯರನ್ನು ಕೂಗಿ ಕರೆದು ಮಳೆಗಾಲದ ಸಡಗರ ತೋರಿಸುವ ಅದೇ ಸಾಲು. ಓದಿ ಮುಗಿಸಿದಾಗ ನಮಗೆ ನೆನಪಾದದ್ದು ಆ ಬಕೆಟ್ಟು. ಅದೂ ಕವಿತೆಯಲ್ಲಿತ್ತು. ಪುಸ್ತಕ ಮಾಡಿದವರು ಅದನ್ನು ತೆಗೆದುಬಿಟ್ಟಿದ್ದರು.

ಪ್ರಾಸ, ಛಂದಸ್ಸು, ಭಾವ ಎಂದು ಪರೀಕ್ಷೆಯ ಉತ್ತರದಲ್ಲಿ ಮೂರು ಪ್ಯಾರಾ ಬರೆಯುವುದು ರೂಢಿ. ಈ ಕವಿತೆಯನ್ನು ಹಾಗೆ ಬಿಡಿಸಿದರೆ ಕೈಗೆ ಏನೂ ಉಳಿಯುವುದಿಲ್ಲ. ಇಲ್ಲಿನ ಭಾವ ಹುಟ್ಟುವುದೇ ಪ್ರಾಸ ಮತ್ತು ಛಂದಸ್ಸು ಮಾಡುವ ಕೆಲಸದಿಂದ. ಆ ಕೆಲಸ ಕಾಣಬೇಕಾದರೆ ಸೋರುವ ಮನೆ ಕವಿತೆಯೊಳಗೆ ಇರಬೇಕು.

ನಝೀರರ ಹೆಸರು ವಲೀ ಮುಹಮ್ಮದ್. 1735–40ರ ಸುಮಾರಿಗೆ ದೆಹಲಿಯಲ್ಲಿ ಹುಟ್ಟಿ ಆಗ್ರಾಕ್ಕೆ ಬಂದು ನೆಲೆಸಿದರು. ಆಗ್ರಾಕ್ಕೆ ಮೊಗಲರ ಕಾಲದ ಹೆಸರು ಅಕ್ಬರಾಬಾದ್. ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದು, ದೀರ್ಘಕಾಲ ಬಾಳಿ, 1830ರಲ್ಲಿ ತೀರಿಕೊಂಡರು. ರೊಟ್ಟಿಯ ಮೇಲೆ, ಸೌತೆಕಾಯಿಯ ಮೇಲೆ, ಕರಡಿಮರಿಯ ಮೇಲೆ, ಈದ್, ಹೋಳಿ, ದೀಪಾವಳಿಯ ಮೇಲೆ, ಶ್ರೀಕೃಷ್ಣನ ಬಾಲಲೀಲೆಯ ಮೇಲೆ, ಗುರುನಾನಕರ ಮೇಲೆ ಬರೆದವರು. ಹಿಂದೂ ಮುಸ್ಲಿಂ ಸೌಹಾರ್ದದ ಭಾಷಣಗಳಲ್ಲಿ ಅವರ ಹೆಸರು ಆಗಾಗ ಬರುತ್ತದೆ. ಆ ಭಾಷಣಕಾರರು ಅವರ ಕವಿತೆಯನ್ನು ಕವಿತೆಯೆಂದು ಓದಿದ್ದಾರೆಯೇ ಎಂಬ ಅನುಮಾನ ನಮಗೆ ಯಾವಾಗಲೂ ಇದೆ.

ಮೊದಲು ಶೀರ್ಷಿಕೆಯನ್ನೇ ನೋಡೋಣ. 'ಬಹಾರ್' ಎಂದರೆ ವಸಂತ. ಪಾರ್ಸಿ ಕಾವ್ಯದಲ್ಲಿ ಚೆಲುವಿನ ಋತು ಅದೊಂದೇ. ಗುಲಾಬಿ ಅರಳುವುದು, ಬುಲ್‌ಬುಲ್ ಹಾಡುವುದು, ರಾಜನ ಹೊಗಳಿಕೆಯ ಕಸೀದಾ ಶುರುವಾಗುವುದು ಆಗಲೇ. ಉರ್ದು ಕವಿಗಳಿಗೆ ಆ ವಸಂತ ಪುಸ್ತಕದಿಂದ ಬಂದ ಆಸ್ತಿ. ಆದರೆ ಆಗ್ರಾದಲ್ಲಿ ಜನ ಕಾಯುವುದು ವಸಂತಕ್ಕಲ್ಲ. ಮೇ ತಿಂಗಳ 'ಲೂ' ಗಾಳಿಯಲ್ಲಿ ಬೆಂದವರು ಕಾಯುವುದು ಮಳೆಗೆ. ನಝೀರರು 'ಬಹಾರ್' ಎಂಬ ಪಾರ್ಸಿ ಮಾತನ್ನು ತಂದು 'ಬರ್ಸಾತ್' ಎಂಬ ದೇಸಿ ಮಾತಿಗೆ ಗಂಟುಹಾಕಿದರು. ಬಹುವಚನದಲ್ಲಿ 'ಬಹಾರೇಂ' ಎಂದರೆ ಮೋಜು, ಸಂಭ್ರಮ ಎಂಬ ಅರ್ಥವೂ ಬರುತ್ತದೆ. ಮಳೆಗಾಲದ ವಸಂತಗಳು! ಪುಸ್ತಕದ ಋತು ಮತ್ತು ನೆಲದ ಋತು ಶೀರ್ಷಿಕೆಯಲ್ಲೇ ಒಂದಾಗಿವೆ.

ಇದನ್ನು ಮೊದಲು ಮಾಡಿದವರು ನಝೀರರೇನಲ್ಲ. ದಖ್ಖನಿಯಲ್ಲಿ, ನಮ್ಮ ನೆರೆಯ ಗೋಲ್ಕೊಂಡದಲ್ಲಿ, ಮುಹಮ್ಮದ್ ಕುಲೀ ಕುತುಬ್ ಶಾಹ (1565–1612) ಮಳೆಗಾಲದ ಆರಂಭದ ಮೇಲೆ ಪದ್ಯಗಳನ್ನು ಬರೆದ. ಅವನು ಅದಕ್ಕೆ ಹೇಳುವ ಹೆಸರು 'ಮಿರ್ಗ್'. ನಮ್ಮ ಉತ್ತರ ಕರ್ನಾಟಕದ ರೈತ ಹೇಳುವ ಮಿರಗದ ಮಳೆಯೇ ಅದು, ಮೃಗಶಿರಾ. ಕನ್ನಡದ ಹಳೆಯ ಕವಿಗಳಿಗೆ ಋತುವರ್ಣನೆ ಅಷ್ಟಾದಶ ವರ್ಣನೆಗಳಲ್ಲಿ ಒಂದು. ಮಹಾಕಾವ್ಯಕ್ಕೆ ಅದು ಬೇಕೇಬೇಕು. ಬೇಂದ್ರೆಯವರ ಕಾಲಕ್ಕೆ ಅದು ವರ್ಣನೆಯ ಬಾಬತ್ತಾಗಿ ಉಳಿಯದೆ ಧಾರವಾಡದ ಶ್ರಾವಣವೇ ಆಯಿತು. ಅವರು ಆ ತಿಂಗಳ ಮೇಲೆ ಒಂದಲ್ಲ, ಹಲವು ಕವಿತೆ ಬರೆದರು. ಬೇಂದ್ರೆಯವರಲ್ಲಿ ಶ್ರಾವಣ ಒಂದು ದೈವದ ಹಾಗೆ ಬರುತ್ತದೆ. ನಝೀರರ ಮಳೆಗಾಲ ಸಂತೆಯ ಹಾಗೆ ಬರುತ್ತದೆ.

ಇನ್ನು ಕಟ್ಟು. ಇದು ಮುಖಮ್ಮಸ್, ಅಂದರೆ ಐದು ಸಾಲಿನ ಬಂಧಗಳ ಪದ್ಯ. ಮೊದಲ ಬಂಧದಲ್ಲಿ ಐದೂ ಸಾಲಿಗೆ ಒಂದೇ ಪ್ರಾಸ. ಮುಂದಿನ ಬಂಧಗಳಲ್ಲಿ ನಾಲ್ಕು ಸಾಲು ತಮ್ಮದೇ ಪ್ರಾಸ ಹಿಡಿದು ಹೋಗುತ್ತವೆ, ಐದನೆಯದು ಮೊದಲ ಬಂಧದ ಕೊನೆಯ ಸಾಲಿಗೇ ಮರಳುತ್ತದೆ. ನಮ್ಮ ಷಟ್ಪದಿಯಲ್ಲಿ ಮೂರನೆಯ, ಆರನೆಯ ಸಾಲು ಉದ್ದವಾಗಿ ನಿಂತು ಉಸಿರು ಬಿಡುತ್ತವಲ್ಲ, ಇಲ್ಲಿ ಆ ಉಸಿರುದಾಣ ಐದನೆಯ ಸಾಲು. ವ್ಯತ್ಯಾಸವೆಂದರೆ ಷಟ್ಪದಿಯ ಆರನೆಯ ಸಾಲು ಕಥೆಯನ್ನು ಮುಂದಕ್ಕೆ ದೂಡುತ್ತದೆ, ಮುಖಮ್ಮಸ್‌ನ ಐದನೆಯ ಸಾಲು ನಮ್ಮನ್ನು ಹಿಂದಕ್ಕೆ ಕರೆಯುತ್ತದೆ.

ಪ್ರಾಸದ ವಿಷಯದಲ್ಲಿ ಎರಡು ಶಾಲೆಗಳಲ್ಲಿ ಕಲಿತ ನಮ್ಮಂಥವರ ಕಿವಿಗೆ ಒಂದು ಗೊಂದಲ ಕೊನೆಯವರೆಗೂ ಹೋಗುವುದಿಲ್ಲ. ಕನ್ನಡದ ಮೇಷ್ಟ್ರು ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಪ್ರಾಣಿಗಳ ಹೆಸರಿನಲ್ಲಿ ಕಲಿಸಿದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿರುತ್ತದೆ. ಉಸ್ತಾದರು ಕಲಿಸಿದ್ದು ಸಾಲಿನ ತುದಿಯಲ್ಲಿ. ಕನ್ನಡದ ಪ್ರಾಸ ಮನೆಯ ಹೊಸ್ತಿಲಲ್ಲಿ ಕೂತಿರುತ್ತದೆ, ಉರ್ದುವಿನದು ಹಿತ್ತಲಲ್ಲಿ. ಒಳಗೆ ಬರುವವನನ್ನು ಒಂದು ತಡೆದು ನೋಡಿದರೆ, ಇನ್ನೊಂದು ಹೊರಗೆ ಹೋಗುವವನ ಕೈ ಹಿಡಿಯುತ್ತದೆ. ಗೋವಿಂದ ಪೈಗಳು ಆದಿಪ್ರಾಸವನ್ನು ಕೈಬಿಟ್ಟ ಮೇಲೆ, ನವೋದಯದ ಕವಿಗಳು ಅಂತ್ಯಪ್ರಾಸ ರೂಢಿಸಿದ ಮೇಲೆ ಕನ್ನಡಕ್ಕೂ ಹಿತ್ತಲ ಬಾಗಿಲು ಬಂತು. ಶಾಂತರಸರಂಥವರು ಗಝಲ್ ಬರೆದ ಮೇಲೆ ಕಾಫಿಯಾ, ರದೀಫ್ ಎಂಬ ಮಾತುಗಳೂ ನಮ್ಮ ಓದುಗರಿಗೆ ಪರಿಚಿತವಾದವು. ಸಾಲಿನ ಕೊನೆಯಲ್ಲಿ ಬದಲಾಗದೆ ಮರಳಿ ಬರುವ ಪದ ರದೀಫ್, ಅದರ ಹಿಂದೆಯೇ ನಿಂತು ಪ್ರಾಸಕ್ಕೆ ಹೊಂದುತ್ತ ಬದಲಾಗುವ ಪದ ಕಾಫಿಯಾ.

ಮೊದಲ ಬಂಧದಲ್ಲಿ ರದೀಫ್ 'ಕೀ ಬಹಾರೇಂ'. ಅದರ ಮುಂದೆ ಬರುವ ಕಾಫಿಯಾಗಳು ಬರ್ಸಾತ್, ಬಾಗಾತ್, ಕತರಾತ್, ಘಾತ್. ಈ ನಾಲ್ಕು ಪದಗಳ ಕುಲಗೋತ್ರ ಕೇಳಿದರೆ ಸೋಜಿಗವಾಗುತ್ತದೆ. ಬರ್ಸಾತ್ ಸಂಸ್ಕೃತದ 'ವರ್ಷ'ದಿಂದ ಇಳಿದು ಬಂದದ್ದು. ಬಾಗಾತ್ ಎಂದರೆ ಪಾರ್ಸಿಯ 'ಬಾಗ್'ಗೆ ಅರಬ್ಬಿಯ ಬಹುವಚನದ ಬಾಲ ಹಚ್ಚಿದ್ದು. ನಮ್ಮ ಕಂದಾಯದ ಕಾಗದಗಳ 'ಬಾಗಾಯ್ತು' ಇದರ ದಾಯಾದಿ. ಕತರಾತ್ ಅಪ್ಪಟ ಅರಬ್ಬಿ, ಹನಿಗಳು ಎಂದರ್ಥ. ಘಾತ್ ಮತ್ತೆ ಬೀದಿಯ ದೇಸಿ ಮಾತು, ಹೊಂಚು, ಸಮಯ ನೋಡಿ ಹಾಕುವ ಪಟ್ಟು ಎಂಬರ್ಥದ್ದು. ಮದರಸಾದ ಅರಬ್ಬಿ ಪ್ರತ್ಯಯವೂ ಬೀದಿಯ ಮಾತೂ 'ಆತ್' ಎಂಬ ಒಂದೇ ಧ್ವನಿಯ ಹಗ್ಗ ಹಿಡಿದು ಒಂದೇ ಸಾಲಿನಲ್ಲಿ ನಿಂತಿವೆ. ಪ್ರಾಸಕ್ಕೆ ಹುಟ್ಟು ಬೇಕಾಗಿಲ್ಲ, ದನಿ ಹೊಂದಿದರೆ ಸಾಕು. ಮುಂದೆ ಹವೇಲಿಯೂ ಗುಡಿಸಲೂ ಒಂದೇ ಬಂಧದಲ್ಲಿ ಬಂದು ಕೂರುತ್ತವೆ. ಅದಕ್ಕೆ ಬೇಕಾದ ಜಾಗವನ್ನು ಪ್ರಾಸ ಇಲ್ಲೇ ಸಿದ್ಧಮಾಡಿ ಇಟ್ಟಿದೆ.

ಆನಂತರ ಸಾಲಾಗಿ ಕೆಲವು ಬಂಧಗಳಲ್ಲಿ ರದೀಫ್ ಕ್ರಿಯಾಪದವಾಗುತ್ತದೆ, 'ರಹೇ ಹೈಂ'. ಕನ್ನಡದ 'ಉತ್ತಿವೆ' ಎನ್ನಬಹುದು. ಮೋಡ ಕವಿಯುತ್ತಿವೆ, ಹುಲ್ಲು ಮೀಯುತ್ತಿವೆ, ಹಳ್ಳ ಉಕ್ಕುತ್ತಿವೆ ಎಂಬ ಬಗೆಯ ಮಾತುಗಳು. ಮಳೆ ಬಂತು ಎಂದಲ್ಲ, ಬರುತ್ತದೆ ಎಂದೂ ಅಲ್ಲ. ಬರುತ್ತಲೇ ಇದೆ, ನಿಲ್ಲುತ್ತಿಲ್ಲ. ಜಡಿಮಳೆಯ ಸ್ವಭಾವವೇ ವ್ಯಾಕರಣವಾಗಿ ಸಾಲಿನ ತುದಿಯಲ್ಲಿ ಬಂದು ಬೀಳುತ್ತದೆ. ಕನ್ನಡದಲ್ಲಿ ಕ್ರಿಯಾಪದ ಸಹಜವಾಗಿ ವಾಕ್ಯದ ಕೊನೆಗೇ ಬರುವುದರಿಂದ ಇಂಥ ರದೀಫ್ ನಮಗೆ ಬಹಳ ಸುಲಭ. ಸುಲಭವಾದ್ದರಿಂದಲೇ ಬೇಗ ಬೇಸರವಾಗುತ್ತದೆ. ಕನ್ನಡದ ಎಷ್ಟೋ ಭಾವಗೀತೆಗಳಲ್ಲಿ 'ಇದೆ', 'ಇದೆ' ಎಂದು ಮುಗಿಯುವ ಸಾಲುಗಳು ಓದುಗರನ್ನು ಜೋಗುಳ ಹಾಡಿ ಮಲಗಿಸುತ್ತವೆ. ನಝೀರರಲ್ಲಿ ಹಾಗಾಗದಿರುವುದಕ್ಕೆ ಕಾರಣ ರದೀಫಿನ ಹಿಂದೆ ನಿಂತ ಕಾಫಿಯಾ. ನಿಶ್ಚಿತವಾಗಿ ಬರುವ ಪದಕ್ಕಿಂತ ಒಂದು ಹೆಜ್ಜೆ ಮೊದಲು ಅನಿಶ್ಚಿತವಾದದ್ದು ಬಂದು ಹೋಗುತ್ತದೆ. ಕಿವಿ ಕಾಯುವುದು ಅದಕ್ಕೆ.

ಛಂದಸ್ಸಿಗೆ ಬರೋಣ. ಉರ್ದುವಿನಲ್ಲಿ ಇದರ ಅಳತೆ 'ಮಫ್‌ಊಲು ಫಾಇಲಾತುನ್', ಅದೇ ಮತ್ತೊಮ್ಮೆ. ಮುಝಾರಿ ಎಂಬ ಬಹರಿನ ಒಂದು ರೂಪ. ಹೆಸರಿಗೆ ಹೆದರಬೇಕಾಗಿಲ್ಲ. ನಮ್ಮ ಯಮಾತಾರಾಜಭಾನಸಲಗಂ ಹಿಡಿದು ಅಳೆದರೆ ಅರ್ಧ ಸಾಲಿಗೆ ಒಂದು ತಗಣ, ಒಂದು ರಗಣ, ಒಂದು ಗುರು. ಐದು, ಐದು, ಎರಡು, ಒಟ್ಟು 12 ಮಾತ್ರೆ. ಅಲ್ಲಿ ಸ್ವಲ್ಪ ತಡೆ. ಮತ್ತೆ ಅಷ್ಟೇ. ಪೂರ್ತಿ ಸಾಲಿಗೆ 24. ಐದು ಮಾತ್ರೆಯ ಗಣಗಳು ಬಂದು ಕೊನೆಗೊಂದು ಗುರುವಿನ ಮೇಲೆ ಊರಿಕೊಳ್ಳುವುದು ಲಕ್ಷ್ಮೀಶನ ವಾರ್ಧಕ ಷಟ್ಪದಿಯನ್ನು ಕೇಳಿದ ಕಿವಿಗೆ ಹೊಸತಲ್ಲ. ಆದರೆ ಉರ್ದು ಕಿವಿ ಅದನ್ನು ಐದು, ಏಳು ಎಂದು ಒಡೆದು ಕೇಳುತ್ತದೆ. ಕನ್ನಡದ ಮಾತ್ರಾಗಣದಲ್ಲಿ ಒಂದು ಗುರುವಿನ ಜಾಗದಲ್ಲಿ ಎರಡು ಲಘು ಕೂರಿಸಬಹುದು, ಲೆಕ್ಕ ಸರಿಹೋದರೆ ಆಯಿತು. ಉರ್ದುವಿನ ಈ ಬಹರಿನಲ್ಲಿ ಗುರು ಲಘುಗಳ ಜಾಗ ಗೊತ್ತಾಗಿಬಿಟ್ಟಿದೆ. ಬದಲಿಗೆ ಅಲ್ಲಿ ಬೇರೊಂದು ಸಲಿಗೆ ಇದೆ: 'ಕೀ', 'ಸೇ', 'ಮೇಂ' ಮುಂತಾದ ಪುಟ್ಟ ಪದಗಳ ದೀರ್ಘವನ್ನು ಬೇಕಾದಾಗ ಹ್ರಸ್ವವಾಗಿ ನುಂಗಿಕೊಳ್ಳಬಹುದು. ಹಳಗನ್ನಡದ ಶಿಥಿಲದ್ವಿತ್ವ ಬಲ್ಲವರಿಗೆ ಈ ಸಲಿಗೆ ಅರ್ಥವಾದೀತು.

ಲೆಕ್ಕ ಬೇಡ ಎನ್ನುವವರಿಗೆ ಒಂದು ಸುಲಭದ ದಾರಿ ಇದೆ. ಇಕ್ಬಾಲರು 1904ರಲ್ಲಿ ಬರೆದ 'ತರಾನಾ-ಎ-ಹಿಂದಿ'ಯನ್ನು ಆಗಸ್ಟ್ 15ರಂದು ಶಾಲೆಯ ಅಂಗಳದಲ್ಲಿ ಹಾಡದವರು ನಮ್ಮಲ್ಲಿ ಕಡಿಮೆ. ಅದರ ಬಹರೂ ಇದೇ. ರವಿಶಂಕರರು 1945ರಲ್ಲಿ ಅದಕ್ಕೆ ಕೂಡಿಸಿದ ಧಾಟಿಯಲ್ಲೇ 'ಬರ್ಸಾತ್ ಕೀ ಬಹಾರೇಂ' ಹಾಡಿ ನೋಡಿ, ಒಂದು ಮಾತ್ರೆಯೂ ಹೆಚ್ಚು ಕಡಿಮೆಯಾಗದು. ಮೋಡದ ಬಂಧಗಳು ಆ ಧಾಟಿಯಲ್ಲಿ ಗಂಭೀರವಾಗಿ ಸಾಗುತ್ತವೆ. ಹೊಟ್ಟೆ ನುಲಿತದ ಬಂಧವನ್ನು ಹಾಡಿದರೆ ನಗು ತಡೆಯಲಾಗುವುದಿಲ್ಲ.

ನಮ್ಮ ಮಾತಿನ ಮುಖ್ಯ ಅಂಶ ಆ ನಗುವಿನಲ್ಲೇ ಇದೆ. ಇದೇ ಬಹರಿನಲ್ಲಿ ಇಕ್ಬಾಲರು ದೇಶವನ್ನು ಹೊಗಳಿದರು, 'ಏಕ್ ಆರ್ಝೂ'ದಲ್ಲಿ ಏಕಾಂತದ ಬೆಟ್ಟದ ತಪ್ಪಲನ್ನು ಬಯಸಿದರು. ಗಂಭೀರ ಮಾತಿಗೆ ಒದಗುವ ನಡೆ ಇದು, ಮಧ್ಯದಲ್ಲಿ ನಿಂತು ಹಿಂದಿರುಗಿ ನೋಡಿ ಮತ್ತೆ ನಡೆಯುವ ನಡೆ. ನಝೀರರು ಕಾಡಿಗೆ, ನವಿಲಿಗೆ, ದೇವರ ಮಹಿಮೆಗೆ ಬಳಸಿದ ನಡೆಯನ್ನೇ ಬೆವರುಸಾಲೆಗೂ ಬಳಸುತ್ತಾರೆ. ಹೊಲಸು ಬಂತೆಂದು ಛಂದಸ್ಸು ಮೂಗು ಮುಚ್ಚಿಕೊಂಡು ಓಡುವುದಿಲ್ಲ, ದೇವರ ಹೆಸರು ಬಂತೆಂದು ನಿಂತು ಕೈ ಕಟ್ಟುವುದೂ ಇಲ್ಲ.

ದೇವರ ಬಂಧಗಳನ್ನು ನಾವು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. ಪಠ್ಯಪುಸ್ತಕ ಅವನ್ನು ಉಳಿಸಿಕೊಂಡದ್ದು ಸರಿಯೇ, ಅವು ಬಲು ಚೆಲುವಾದ ಬಂಧಗಳು. ಗೌಜಲ ಹಕ್ಕಿಯ ಕೂಗಿನಲ್ಲಿ ದೇವರ ಮಹಿಮೆಯ ಮಾತು ಕೇಳುತ್ತದೆ ಎಂಬುದು ಉತ್ತರದ ಹಳ್ಳಿಗಳ ಹಳೆಯ ನಂಬಿಕೆ. ನಝೀರರು ಅದನ್ನು ಹಾಗೆಯೇ ಎತ್ತಿ ಪದ್ಯದಲ್ಲಿಟ್ಟಿದ್ದಾರೆ. ಹುದ್‌ಹುದ್ ಹಕ್ಕಿಯ ದನಿ ಅವರಿಗೆ 'ಹಕ್' ಎಂದು, ಕಾಡುಪಾರಿವಾಳದ ದನಿ 'ಹೂ' ಎಂದು ಕೇಳುತ್ತದೆ. ಸತ್ಯ ಮತ್ತು ಅವನು, ಸೂಫಿಗಳ ಝಿಕ್ರಿನ ಎರಡು ನುಡಿಗಳು. ಸಕಲ ಜೀವರಾಶಿ ತನ್ನ ತನ್ನ ಬಾಯಲ್ಲಿ ಅಲ್ಲಾಹನನ್ನು ಕೊಂಡಾಡುತ್ತಿದೆ, ಮನುಷ್ಯನಿಗೆ ಅದು ತಿಳಿಯುವುದಿಲ್ಲ ಎಂಬ ಕುರ್‌ಆನಿನ ಆಶಯ ಓದುಗರಿಗೆ ಗೊತ್ತು. ಆ ಆಶಯವನ್ನು ಕವಿ ಪ್ರವಚನವಾಗಿ ಹೇಳದೆ ಹಕ್ಕಿಗಳ ಕೂಗಿನ ಅನುಕರಣೆಯಾಗಿ ಕೇಳಿಸುತ್ತಾರೆ. ಕಪ್ಪೆಗಳು ಮಲ್ಹಾರ ರಾಗ ಹಾಡುತ್ತವೆ, ಜೀರುಂಡೆಗಳು ಶಹನಾಯಿ ಊದುತ್ತವೆ. ಪಠ್ಯಪುಸ್ತಕ ಮಾಡಿದ ತಪ್ಪು ಇಲ್ಲಿ ನಿಂತದ್ದು. ಕಪ್ಪೆಯವರೆಗೆ ದೇವರ ಸೃಷ್ಟಿ, ಚೇಳಿನಿಂದ ಮುಂದೆ ಅಸಭ್ಯ ಎಂದು ಗೆರೆ ಎಳೆಯಲು ಕವಿತೆಯಲ್ಲಿ ಎಲ್ಲೂ ಅನುಮತಿ ಇಲ್ಲ.

ಪಲ್ಲವಿ ಒಂದಿಷ್ಟೂ ಬದಲಾಗದೆ ಬದಲಾಗುವುದನ್ನು ನೋಡಿ. ಹಸಿರಿನ ಬಂಧದ ಕೊನೆಗೆ ಅದು ಬೆರಗು, ಹಕ್ಕಿಗಳ ಬಂಧದ ಕೊನೆಗೆ ಸ್ತುತಿ. ವಿರಹಿಣಿಯ ಕಣ್ಣೀರು ತೊಟ್ಟಿಕ್ಕಿದ ಮೇಲೆ ಅದೇ ಸಾಲು ಬಂದರೆ ಎದೆಗೆ ಚುಚ್ಚುತ್ತದೆ. ಪಕ್ಕದ ಮನೆಯ ಮದುವೆಯ ವಾದ್ಯ ಸಾವಿನ ಮನೆಗೆ ಕೇಳಿಸಿದ ಹಾಗೆ. ಕೆಸರಿನಲ್ಲಿ ಬಿದ್ದವರನ್ನು ನೋಡಿ ನಿಂತವರು ನಗುವಾಗ ಅದು ಗೇಲಿ. ಒಂದೇ ಸಾಲು, ಅದೇ ಪದ, ಅದೇ 24 ಮಾತ್ರೆ. ಭಾವ ಎಂಬುದು ಸಾಲಿನೊಳಗೆ ಕೂತ ವಸ್ತುವಲ್ಲ, ಹಿಂದಿನ ನಾಲ್ಕು ಸಾಲಿಗೂ ಇದಕ್ಕೂ ನಡುವೆ ಹುಟ್ಟುವುದು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನಮಗೆ ಸಿಕ್ಕಿಲ್ಲ. ಸುಂದರವಾದ ಐದು ಬಂಧಗಳನ್ನಷ್ಟೇ ಉಳಿಸಿದರೆ ಪಲ್ಲವಿಗೆ ಒಂದೇ ಅರ್ಥ ಉಳಿಯುತ್ತದೆ. ಅದು ಬರೀ ಘೋಷಣೆಯಾಗುತ್ತದೆ.

ಸೋರುವ ಮನೆಯ ಬಂಧಕ್ಕೆ ಬರುತ್ತೇವೆ. ಅದರ ರದೀಫ್ ಒಂದೇ ಪದ, 'ಟಪ್ಕಾ'. ತೊಟ್ಟಿಕ್ಕಿತು, ಸೋರಿತು. ಮನೆ, ಚಪ್ಪರ, ಅಟ್ಟ, ಕೊನೆಗೆ ಉಳಿದಿದ್ದ ಒಂದೇ ಪಡಸಾಲೆ ಹೀಗೆ ಒಂದೊಂದಾಗಿ ಬರುತ್ತವೆ, ನಾಲ್ಕು ಸಾಲಿನ ತುದಿಯಲ್ಲಿ ನಾಲ್ಕು ಸಲ ಹನಿ ಬೀಳುತ್ತದೆ. ಮೇಲಿನ 'ರಹೇ ಹೈಂ' ಸುರಿಯುತ್ತಲೇ ಇದ್ದ ಮಳೆಯಾದರೆ ಇದು ಮುಗಿದುಹೋದ ಕ್ರಿಯೆ. ಟಪ್ಕಾ. ಇನ್ನೇನೂ ಮಾಡುವಂತಿಲ್ಲ. ಪದದ ದನಿಯೇ ಪಾತ್ರೆಯೊಳಗೆ ಬಿದ್ದ ಹನಿಯದು. ರದೀಫ್ ಎಂಬುದನ್ನು ಅಲಂಕಾರವೆಂದು ತಿಳಿದವರು ಇದೊಂದು ಬಂಧವನ್ನು ಓದಬೇಕು.

ಪಕ್ಕದ ಬಂಧಗಳಲ್ಲಿ ಹಳೆಯ ಮನೆಯವರು ಸುರಿಯುವ ಮಳೆಯಲ್ಲೇ ಮಾಳಿಗೆ ಹತ್ತುತ್ತಾರೆ. ಮಾಳಿಗೆಯ ಮಣ್ಣು ಉದುರುತ್ತದೆ. ಮೋರಿ ಬಿಚ್ಚು ಎಂದು ಯಾರೋ ಕೂಗುತ್ತಾರೆ. ಉರ್ದುವಿನಲ್ಲಿಯೂ ಆ ಪದ 'ಮೋರಿ'ಯೇ. ವಿಜಾಪುರ, ಬಾಗಲಕೋಟೆ ಕಡೆಯ ಮೇಲ್ಮುದ್ದೆ ಮನೆಗಳಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೊಲೆ, ಜಂತಿ, ಅದರ ಮೇಲೆ ಮಣ್ಣು. ಮುಂಗಾರಿಗೆ ಮೊದಲು ಹೊಸ ಮಣ್ಣು ಹಾಕಿ ತುಳಿಯದಿದ್ದರೆ ರಾತ್ರಿಯೆಲ್ಲ ಹಾಸಿಗೆ ಎಳೆದಾಡುವ ಕೆಲಸ.

ಮಾಳಿಗೆ ಸೋರುವ ಮಾತು ಬಂದರೆ ಕನ್ನಡಿಗರಿಗೆ ತಟ್ಟನೆ ನೆನಪಾಗುವುದು ಶಿಶುನಾಳ ಶರೀಫರ ಪದ. ನಝೀರರು ತೀರಿಕೊಂಡಾಗ ಶರೀಫರಿಗೆ ಹನ್ನೊಂದು ವರ್ಷ (1819–1889). ಆಗ್ರಾದ ಉಸ್ತಾದರಿಗೂ ಶಿಶುನಾಳದ ಸಂತರಿಗೂ ಕೊಡು ಕೊಳ್ಳುವಿಕೆ ಇತ್ತೆಂದು ನಾವು ಹೇಳುತ್ತಿಲ್ಲ. ಇಬ್ಬರಿಗೂ ಒಂದೇ ಬಗೆಯ ಮಣ್ಣಿನ ಮಾಳಿಗೆ ಇತ್ತು, ಅಷ್ಟೇ. ಶರೀಫರಲ್ಲಿ ಮನೆ ಎಂದರೆ ದೇಹ, ಸೋರಿಕೆಗೆ ಕಾರಣ ಅಜ್ಞಾನ. ಅದು ತತ್ವಪದ, ಮಾಳಿಗೆಯಿಂದ ಶುರುವಾಗಿ ಆತ್ಮಕ್ಕೆ ಹೋಗುತ್ತದೆ. ನಝೀರರ ಮಾಳಿಗೆ ಎಲ್ಲಿಗೂ ಹೋಗುವುದಿಲ್ಲ. ಅದು ಆಗ್ರಾದ ಗಲ್ಲಿಯೊಂದರ ಮಾಳಿಗೆ, ಅಲ್ಲಿಯೇ ಸೋರುತ್ತದೆ. ಶರೀಫರನ್ನು ಕೇಳಿ ಬೆಳೆದ ನಮ್ಮ ಕಿವಿ ಸೋರುವ ಮನೆ ಕಂಡರೆ ಅದರ ಹಿಂದೊಂದು ಒಳಾರ್ಥ ಹುಡುಕುತ್ತದೆ. ಹುಡುಕಿ ಸೋತ ಮೇಲೆ ನಝೀರರ ಮೇಲೆ ನಮಗೆ ಗೌರವ ಹೆಚ್ಚಿತು. ನೆನೆದ ಹಾಸಿಗೆ ನೆನೆದ ಹಾಸಿಗೆಯಾಗಿಯೇ ಕವಿತೆಗೆ ಬರುವುದೂ ಒಂದು ಧೈರ್ಯ.

ಹಾಗೆಂದು ಈ ಕವಿತೆಯ ಎಲ್ಲವನ್ನೂ ನಾವು ಒಪ್ಪುವುದಿಲ್ಲ. ಒಂದು ಬಂಧದಲ್ಲಿ ಛಾವಣಿ ಬಿದ್ದ ಗದ್ದಲ ಕೇಳಿ ಹವೇಲಿಯ ಒಡೆಯ ಹೆದರಿ ಅಳುತ್ತಾನೆ, ಬಡವ ತನ್ನ ಗುಡಿಸಲಿನಲ್ಲಿ ನೆಮ್ಮದಿಯಿಂದ ನಿದ್ದೆ ಮಾಡುತ್ತಾನೆ. ಬೀಳುವಂಥದ್ದು ಏನೂ ಇಲ್ಲದವನಿಗೆ ಬೀಳುವ ಭಯವಿಲ್ಲ ಎಂಬ ಫಕೀರಿ ತಮಾಷೆ ಇದು. ಓದಲು ಹಿತವಾಗಿದೆ, ಸಭೆಯಲ್ಲಿ ವಾಹ್ ವಾಹ್ ಗಿಟ್ಟಿಸಿರಬೇಕು. ಆದರೆ 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಯ ನೆನಪಿರುವವರು ಇದನ್ನು ಹಾಗೆಯೇ ನುಂಗಲಾರರು. ಆಗ ಹೆಚ್ಚಾಗಿ ಕುಸಿದದ್ದು ಹವೇಲಿಗಳಲ್ಲ, ಮಣ್ಣಿನ ಗೋಡೆಗಳು. ಬಡವ ಸುಖವಾಗಿ ಮಲಗಿದ್ದಾನೆ ಎಂದು ಹೇಳುವುದು ಬಡವನಲ್ಲದವನಿಗೆ ಬಹಳ ಅನುಕೂಲದ ಮಾತು. ಕೊನೆಯ ಬಂಧದಲ್ಲಿ ದೊರೆ, ಮಂತ್ರಿ, ಬಡವ ಎಲ್ಲರೂ ಖುಷಿ ಎಂದು ಹೇಳಿ ಕವಿ ತಮ್ಮ ಅಂಕಿತ ಹಾಕುತ್ತಾರೆ. ಅಷ್ಟು ಸೋರಿಕೆ, ಅಷ್ಟು ಕುರು, ಅಷ್ಟು ವಿರಹ ತೋರಿಸಿದ ಮೇಲೆ ಈ ಮಾತನ್ನು ಅವರೇ ನಂಬಿದ್ದರೇ? ನಮಗೆ ಅನುಮಾನ. ಅದು ಹಬ್ಬದ ದಿನ ಸಾಲಗಾರನನ್ನೂ ತಬ್ಬಿ ಮುಬಾರಕ್ ಹೇಳುವಂಥ ಮಾತಿರಬೇಕು. ಕವಿತೆಯ ಉಳಿದ ಭಾಗ ಆ ಮಾತನ್ನು ಒಪ್ಪದೆ ಒಳಗೊಳಗೇ ತಕರಾರು ಮಾಡುತ್ತಲೇ ಇರುತ್ತದೆ. ಆ ತಕರಾರು ಕೇಳಬೇಕಾದರೂ ಪೂರ್ಣಪಾಠವೇ ಬೇಕು.

ನಝೀರರನ್ನು ಕತ್ತರಿಸಿದವರು ಪಠ್ಯಪುಸ್ತಕದವರು ಮಾತ್ರವಲ್ಲ. ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಮುಸ್ತಫಾ ಖಾನ್ ಶೇಫ್ತಾ ತಮ್ಮ 'ಗುಲ್ಶನ್-ಎ-ಬೇಖಾರ್' ಎಂಬ ಕವಿಚರಿತೆಯಲ್ಲಿ, ಇವರ ಪದ್ಯಗಳು ಪೇಟೆಯ ಜನರ ನಾಲಗೆಯ ಮೇಲಿರುವಂಥವು, ಅವನ್ನು ನೋಡಿದರೆ ಇವರನ್ನು ಕವಿಗಳ ಸಾಲಿನಲ್ಲಿ ಎಣಿಸಲಾಗದು ಎಂಬ ಅಭಿಪ್ರಾಯ ಕೊಟ್ಟರು. 1874ರಲ್ಲಿ ಲಾಹೋರಿನ ಅಂಜುಮನ್-ಎ-ಪಂಜಾಬ್, ಉರ್ದುವಿಗೆ ಇಂಗ್ಲಿಷಿನಂತೆ ಪ್ರಕೃತಿಯ ಕವಿತೆ ಬೇಕೆಂದು ವಿಷಯ ಕೊಟ್ಟು ಮುಶಾಯಿರಾ ನಡೆಸಿತು. ಹಾಲಿಯವರ 'ಬರ್ಖಾ ರುತ್' ಅಲ್ಲಿ ಬಂತು. ಸಭ್ಯವಾದ, ಶುಭ್ರವಾದ ಮಳೆ ಅದು. ನಝೀರರು ತೀರಿಕೊಂಡು ಆಗಲೇ 44 ವರ್ಷ. ಆ ಮುಶಾಯಿರಾಗಳ ಮುಂದಾಳುಗಳಲ್ಲಿ ಒಬ್ಬರಾದ ಮುಹಮ್ಮದ್ ಹುಸೈನ್ ಆಝಾದ್, 1880ರ ತಮ್ಮ 'ಆಬ್-ಎ-ಹಯಾತ್'ನಲ್ಲಿ ಉರ್ದು ಕವಿಗಳ ಪರಂಪರೆಯನ್ನು ಕಟ್ಟಿದಾಗ ನಝೀರರಿಗೆ ಅಲ್ಲಿ ಆಸನ ಕೊಡಲಿಲ್ಲ. ಅದೇ ಹೊತ್ತಿಗೆ, 1879ರಲ್ಲಿ, ಫ್ಯಾಲನ್ ಎಂಬ ಇಂಗ್ಲಿಷ್ ಕೋಶಕಾರ ತನ್ನ ಹಿಂದೂಸ್ತಾನಿ ನಿಘಂಟಿನಲ್ಲಿ ನಝೀರರ ಭಾಷೆಯನ್ನು ಬಾಯಿ ತುಂಬ ಹೊಗಳಿದ. ಮನೆಯವರು ಬೀದಿಗೆ ಬಿಟ್ಟವರನ್ನು ಪರದೇಶಿ ಕೈಹಿಡಿದ ಕಥೆ ನಮ್ಮಲ್ಲಿ ಇದೊಂದೇ ಅಲ್ಲ. 1954ರಲ್ಲಿ ಹಬೀಬ್ ತನ್ವೀರ್ 'ಆಗ್ರಾ ಬಾಝಾರ್' ನಾಟಕ ಮಾಡಿದರು. ಸೌತೆಕಾಯಿ ಮಾರುವವನೊಬ್ಬ ಯಾರೂ ಕೊಳ್ಳದೆ ಕಂಗೆಟ್ಟು, ನಝೀರರಿಂದ ಒಂದು ಪದ್ಯ ಬರೆಸಿಕೊಂಡು ಬಂದು ಹಾಡುತ್ತ ಮಾರುತ್ತಾನೆ. ನಝೀರರು ಮಾತ್ರ ರಂಗದ ಮೇಲೆ ಎಲ್ಲೂ ಕಾಣಿಸಿಕೊಳ್ಳುವುದಿಲ್ಲ.

ಈ ಕವಿತೆಯನ್ನು ಕನ್ನಡಕ್ಕೆ ತರುವ ಆಸೆ ನಮಗೆ ಬಹಳ ದಿನದಿಂದ ಇದೆ. ಐದು, ಐದು, ಎರಡರ ಲೆಕ್ಕ ಕನ್ನಡದಲ್ಲಿ ಕಷ್ಟವಿಲ್ಲ. 'ಸೋರಿತು' ಎಂಬ ರದೀಫ್ ತಾನಾಗಿ ಒದಗುತ್ತದೆ. ಅದರ ಮುಂದೆ ಮನೆ, ತೆನೆ, ಗೊನೆ ಎಂದು ಕಾಫಿಯಾ ಕೂರಿಸಬಹುದು, 'ಟಪ್ಕಾ'ದ ಹನಿಯ ಸದ್ದು ಮಾತ್ರ ಬರುವುದಿಲ್ಲ. ಸೋತದ್ದು ಪಲ್ಲವಿಯಲ್ಲಿ. ಅಲ್ಲಿ ಬರುವ ಕ್ರಿಯಾಪದ 'ಮಚ್‌ನಾ'. ಉರ್ದುವಿನಲ್ಲಿ ಗದ್ದಲಕ್ಕೂ ಅದೇ, ಹಬ್ಬದ ಧೂಮಕ್ಕೂ ಅದೇ, ಲೂಟಿಗೂ ಅದೇ. ಕನ್ನಡದಲ್ಲಿ ಸಡಗರ 'ತುಂಬುತ್ತದೆ', ಗದ್ದಲ 'ಏಳುತ್ತದೆ', ದಾಂಧಲೆ 'ನಡೆಯುತ್ತದೆ'. ಮೂರಕ್ಕೂ ಸಲ್ಲುವ ಒಂದು ಮಾತು ನಮಗಿನ್ನೂ ಸಿಕ್ಕಿಲ್ಲ. 'ತುಂಬಿದೆ' ಎಂದರೆ ಹಸಿರಿನ ಬಂಧಕ್ಕೆ ಸರಿ, ಕುಸಿದ ಗೋಡೆಯ ಮುಂದೆ ಸುಳ್ಳು. 'ಎದ್ದಿದೆ' ಎಂದರೆ ಗೋಡೆಗೆ ಸರಿ, ಹಕ್ಕಿಗಳ ಮುಂದೆ ಒರಟು. ಹಾಳೆಯಲ್ಲಿ ಆ ಜಾಗ ಖಾಲಿಯಿದೆ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಅಮ್ಮಿಗೆ ಮೂಲವನ್ನೇ ಓದಿ ಹೇಳಿದೆವು. ನವಿಲು, ಕೋಗಿಲೆ ಬಂದಾಗ ತಸ್ಬಿ ಎಣಿಸುತ್ತ ಸುಮ್ಮನೆ ತಲೆದೂಗಿದರು. ಗೌಜಲ ಹಕ್ಕಿಯ ಬಂಧಕ್ಕೆ 'ಸುಬ್‌ಹಾನಲ್ಲಾಹ್' ಎಂದರು. 'ಟಪ್ಕಾ' ಎರಡನೆಯ ಸಲ ಬಂದಾಗ ತಸ್ಬಿ ನಿಂತಿತು. ನಾಲ್ಕನೆಯದಕ್ಕೆ ಜೋರಾಗಿ ನಕ್ಕು, 'ಯೇ ತೋ ಅಪ್ನಾಚ್ ಘರ್ ಹೈ' ಎಂದರು, ಇದು ನಮ್ಮದೇ ಮನೆಯಲ್ಲವೇ ಎಂದು. ಪಲ್ಲವಿ ಓದುವಷ್ಟರಲ್ಲಿ ಎದ್ದುಹೋಗಿ, ಒಳಕೋಣೆಯ ಮೂಲೆಯಲ್ಲಿಟ್ಟ ಪಾತ್ರೆಯನ್ನು ನೋಡಿ ಬಂದರು.